ಬಲೆ ಬರುವ ಜಾಗದಲ್ಲಿ ಚಿಕ್ಕಪ್ಪನ ಕಾರು

ಹೋದ ವರ್ಷ ದೀಪಾವಳಿ ಕಳೆದ ಮೇಲಿನ ಮೊದಲ ಶನಿವಾರ ನಮ್ಮ ಚಿಕ್ಕಪ್ಪ ತಮ್ಮ ಜೀವಮಾನದ ಮೊದಲ ಕಾರನ್ನು ಅರಬ್ಬಿ ಸಮುದ್ರದಲ್ಲಿ ಪಾರ್ಕ್ ಮಾಡಿದರು. ಸಮುದ್ರದಲ್ಲಿ ಅಲ್ಲ, ಸಮುದ್ರದ ಪಕ್ಕದಲ್ಲಿ ಎಂದು ಅವರು ಇವತ್ತಿಗೂ ವಾದಿಸುತ್ತಾರೆ. ನಿಲ್ಲಿಸುವಾಗ ಪಕ್ಕದಲ್ಲೇ ಇತ್ತು, ಒಪ್ಪುತ್ತೇನೆ. ಆಮೇಲೆ ಸಮುದ್ರವೇ ಎದ್ದು ಕಾರಿನ ಹತ್ತಿರ ಬಂದರೆ ಅದು ಯಾರ ತಪ್ಪು ಅನ್ನುವುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಇದೆಲ್ಲ ಹೇಗಾಯಿತು ಎಂದು ತಿಳಿಯಬೇಕಾದರೆ ವಿಜಯನಗರದ ನಮ್ಮ ಅಡ್ಡರಸ್ತೆಯಿಂದ ಶುರುಮಾಡಬೇಕು. ಎರಡೂ ಕಡೆ ಮನೆ, ಮನೆ ಮುಂದೆಲ್ಲ ಕಾರು, ನಡುವೆ ಒಂದು ಸ್ಕೂಟರು ಹೊಟ್ಟೆ ಒಳಗೆಳೆದುಕೊಂಡು ಹೋಗುವಷ್ಟು ಜಾಗ. ಅಲ್ಲಿ ಕಾರು ಕೊಳ್ಳುವುದು ದೊಡ್ಡದಲ್ಲ, ನಿಲ್ಲಿಸುವುದು ದೊಡ್ಡದು. ಅದಕ್ಕೇ ನಮ್ಮ ಚಿಕ್ಕಪ್ಪ ಕಾರಿಗಿಂತ ಮೊದಲು ಡಬ್ಬ ತಂದರು. ಹಳೆಯ ಪೇಂಟ್ ಡಬ್ಬಕ್ಕೆ ಸಿಮೆಂಟ್ ತುಂಬಿ, ಅದರಲ್ಲೊಂದು ಪೈಪು ನೆಟ್ಟು, ಪೈಪಿನ ತುದಿಗೆ ಕೆಂಪು ಬಟ್ಟೆ ಕಟ್ಟಿ ಗೇಟಿನ ಮುಂದೆ ಇಟ್ಟರು. ಕಾರು ಬಂದದ್ದು ಎಷ್ಟೋ ತಿಂಗಳ ಮೇಲೆ. ಅಲ್ಲಿಯವರೆಗೆ ಮನೆಗೆ ಬಂದವರಿಗೆಲ್ಲ ಅವರು ಡಬ್ಬವನ್ನೇ ತೋರಿಸುತ್ತಿದ್ದರು. ಎದುರುಮನೆಯ ರಂಗಸ್ವಾಮಿ ಅಂಕಲ್ ಒಮ್ಮೆ ತಮ್ಮ ಸ್ಕೂಟರು ತೆಗೆಯಲು ಆ ಡಬ್ಬವನ್ನು ಒಂದು ಗೇಣು ಸರಿಸಿದರು. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಇನ್ನು ನಾನು. ಹೆಸರು ಚೇತನ್, ಮನೆಯಲ್ಲಿ ಚೇತು. ನನಗೆ ಬರುವ ಒಂದೇ ವಿದ್ಯೆ ಬೇರೆಯವರ ಹಾಗೆ ಮಾತಾಡುವುದು. ಚಿಕ್ಕಪ್ಪ ಗಂಟಲು ಸರಿಮಾಡಿಕೊಳ್ಳುವುದು, ಸೊಪ್ಪಿನವಳ ಕೂಗು, ಮಾಗಡಿ ರಸ್ತೆಯ ಬಸ್ ಕಂಡಕ್ಟರ್, ಮೆಟ್ರೋದಲ್ಲಿ ಬಾಗಿಲು ತೆರೆಯುತ್ತದೆ ಎನ್ನುವ ಹೆಂಗಸು, ಎಲ್ಲರನ್ನೂ ಮಾಡುತ್ತೇನೆ. ಮದುವೆ ಮನೆಗಳಲ್ಲಿ ಊಟ ತಡವಾದರೆ ನನ್ನ ಕೈಗೆ ಮೈಕು ಕೊಡುತ್ತಾರೆ. ಊಟ ಬಂದ ಕೂಡಲೇ ಕಿತ್ತುಕೊಳ್ಳುತ್ತಾರೆ. ನನ್ನ ಕಲೆಗೆ ಸಿಕ್ಕಿರುವ ಮರ್ಯಾದೆ ಇಷ್ಟೇ.

ಚಿಕ್ಕಪ್ಪನಿಗೆ ಕಾರು ಬಂದ ಮೇಲೆ ಚಿಕ್ಕಮ್ಮ ಒಂದೇ ಒಂದು ಕೇಳಿದ್ದು. ಸಮುದ್ರದ ಹತ್ತಿರ ಹೋಗಿ ಸ್ವಲ್ಪ ಹೊತ್ತು ಸುಮ್ಮನೆ ಕೂತು ಬರೋಣ ಅಂತ. ಚಿಕ್ಕಪ್ಪ ಸುಮ್ಮನೆ ಕೂರುವ ಜಾತಿಯಲ್ಲ. ಫೋನಿನಲ್ಲಿ ವೀಡಿಯೋಗಳನ್ನು ನೋಡಿ ಉತ್ತರ ಕನ್ನಡದ ಕರಾವಳಿಯ ಒಂದು ಹಳ್ಳಿ ಹಿಡಿದರು. ಅದರ ಸುತ್ತ ನೋಡುವ ಜಾಗಗಳು ಬೇಕಾದಷ್ಟಿದ್ದವು. ಅವನ್ನೆಲ್ಲ ಅವರು ಪಾಯಿಂಟು ಎನ್ನುತ್ತಿದ್ದರು. ಪಾಯಿಂಟುಗಳನ್ನು ನೋಡುವುದಲ್ಲ, ಕವರ್ ಮಾಡುವುದು. ನನ್ನನ್ನು ಕರೆದುಕೊಂಡು ಹೋದದ್ದು ಪ್ರೀತಿಯಿಂದಲ್ಲ. ಕಾರು ಹಿಂದಕ್ಕೆ ತೆಗೆಯುವಾಗ ಇಳಿದು ‘ಬರ್ಲಿ, ಬರ್ಲಿ, ಲೆಫ್ಟ್ ಹೊಡೀರಿ’ ಎನ್ನಲು ಒಬ್ಬ ಬೇಕಿತ್ತು.

ಶುಕ್ರವಾರ ಪೂರ್ತಿ ಪಾಯಿಂಟುಗಳಾದವು. ಮೊದಲು ದೀಪಸ್ತಂಭ. ಅಲ್ಲಿ ನೆರಳಿದ್ದದ್ದು ತೆಂಗಿನಮರದ ಕೆಳಗೆ ಮಾತ್ರ. ಅಲ್ಲಿ ನಿಲ್ಲಿಸಿದರೆ ಕಾಯಿ ಬೀಳುತ್ತದೆ, ಬಿಸಿಲಲ್ಲಿ ನಿಲ್ಲಿಸಿದರೆ ಬಣ್ಣ ಹೋಗುತ್ತದೆ. ಕೊನೆಗೆ ಬಿಸಿಲೇ ವಾಸಿ ಎಂದು ನಿಲ್ಲಿಸಿ ಮೆಟ್ಟಿಲು ಹತ್ತಿದೆವು. ಅರ್ಧ ಹತ್ತಿದಾಗ ಕಿಂಡಿಯಲ್ಲಿ ಇಣುಕಿದ ಚಿಕ್ಕಪ್ಪನಿಗೆ ನಮ್ಮ ಕಾರಿನ ಪಕ್ಕ ಒಂದು ಶಾಲೆಯ ಪ್ರವಾಸದ ಬಸ್ಸು ನಿಲ್ಲುತ್ತಿರುವುದು ಕಂಡಿತು. ಇಳಿದೆವು. ತೂಗುಸೇತುವೆಯಲ್ಲಿ ಅವರು ಈ ದಡದಲ್ಲೇ ಕಾರಿಗೆ ಕಾವಲು ನಿಂತು, ನಾವು ನಡುವೆ ತಲುಪುವಷ್ಟರಲ್ಲಿ ಫೋನ್ ಮಾಡಿ ‘ಆಯ್ತಲ್ಲ, ಬನ್ನಿ’ ಎಂದರು. ನೀರಿನಲ್ಲಿ ಬೇರುಬಿಟ್ಟ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಹಾದಿ ಮಾಡಿದ್ದರು. ಎಷ್ಟು ಚೆನ್ನಾಗಿತ್ತೆಂದರೆ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟರಲ್ಲಿ ಚಿಕ್ಕಪ್ಪನಿಗೆ ಕಾರಿನ ಮೇಲೆ ಕೊಕ್ಕರೆಗಳು ಗಲೀಜು ಮಾಡುತ್ತಿರಬಹುದು ಅನ್ನಿಸಿತು. ಸಂಜೆ ಬಂಡೆಯ ಮೇಲಿನ ದೇವಸ್ಥಾನದ ಹತ್ತಿರ ಸೂರ್ಯ ಮುಳುಗುವಾಗ ಒಂದು ಕೋತಿ ಬಂದು ಬಾನೆಟ್ ಮೇಲೆ ಕೂತಿತು. ಊರಿನವರೆಲ್ಲ ಪಶ್ಚಿಮಕ್ಕೆ ತಿರುಗಿ ನಿಂತಿದ್ದರೆ ನಮ್ಮ ಚಿಕ್ಕಪ್ಪ ಪೂರ್ವಕ್ಕೆ ತಿರುಗಿ ಕೋತಿಯ ಜೊತೆ ಮಾತುಕತೆ ನಡೆಸಿದ್ದರು.

ಎಲ್ಲ ಪಾಯಿಂಟಿಗೂ ಅವರ ತೀರ್ಪು ಒಂದೇ. ಜಾಗ ಪರವಾಗಿಲ್ಲ, ಪಾರ್ಕಿಂಗ್ ಸರಿಯಿಲ್ಲ. ಹಿಂದಿನ ಸೀಟಿನಲ್ಲಿ ಕೂತು ನಾನು ಅದನ್ನೇ ಅವರ ದನಿಯಲ್ಲಿ ಹೇಳಿ ಚಿಕ್ಕಮ್ಮನನ್ನು ನಗಿಸುತ್ತಿದ್ದೆ. ಸಂಜೆಯ ಹೊತ್ತಿಗೆ ಚಿಕ್ಕಮ್ಮ ನಗುವುದನ್ನು ಬಿಟ್ಟಿದ್ದರು. ಅವರ ಕಾಲಿಗೆ ಇನ್ನೂ ಒಂದು ಹನಿ ಸಮುದ್ರದ ನೀರು ತಾಕಿರಲಿಲ್ಲ.

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟಾಗ ಚಿಕ್ಕಮ್ಮ, ಇವತ್ತು ಪಾಯಿಂಟು ಬೇಡ, ಯಾವುದಾದರೂ ಒಂದು ದಡಕ್ಕೆ ಕರೆದುಕೊಂಡು ಹೋಗಿ ಎಂದು ಕಟ್ಟುನಿಟ್ಟಾಗಿ ಹೇಳಿದರು. ಗಾಳಿಮರದ ತೋಪಿನ ನಡುವೆ ಒಂದು ಮಣ್ಣಿನ ದಾರಿ ಕಂಡಿತು. ಅದರಲ್ಲಿ ಹೋದರೆ ದಾರಿ ಮುಗಿದದ್ದೇ ಸಮುದ್ರದಲ್ಲಿ. ನೀರು ಇಳಿದ ಹೊತ್ತು. ಒದ್ದೆ ಮರಳು ಸಿಮೆಂಟ್ ರಸ್ತೆಯ ಹಾಗೆ ಗಟ್ಟಿಯಾಗಿ, ಅಗಲವಾಗಿ, ಉದ್ದಕ್ಕೂ ಖಾಲಿಯಾಗಿ ಬಿದ್ದಿತ್ತು. ಒಂದು ಕಾರಿಲ್ಲ, ಗೇಟಿಲ್ಲ, ಮುಂದೆ ನಿಲ್ಲಿಸಬೇಡಿ ಎಂಬ ಬೋರ್ಡಿಲ್ಲ.

ಚಿಕ್ಕಪ್ಪನ ಮುಖದಲ್ಲಿ ಆಗ ಕಂಡ ಭಕ್ತಿಯನ್ನು ನಾನು ದೇವಸ್ಥಾನದಲ್ಲೂ ಕಂಡಿಲ್ಲ. ‘ನೋಡೋ ಚೇತು, ಜಾಗ ಅಂದ್ರೆ ಇದು’ ಎಂದರು. ಕಾರನ್ನು ಸೀದಾ ಮರಳಿಗೆ ಇಳಿಸಿ, ಫೋಟೋಗೆ ಚೆನ್ನಾಗಿರುತ್ತದೆ ಎಂದು ಮೂತಿಯನ್ನು ನೀರಿನ ಕಡೆ ಮಾಡಿ ಮುಂದೆ ಮುಂದೆ ತಂದರು. ಒಂದು ಕಡೆ ಗಳವೊಂದು ಅಡ್ಡ ಬಂತು. ಮರಳಿನಲ್ಲಿ ನೆಟ್ಟ ಬಿದಿರಿನ ಗಳ. ಅದರ ತುದಿಯಲ್ಲಿ ಒಂದು ಕೆಂಪು ಬಟ್ಟೆಯ ಚೂರು.

ಕೆಂಪು ಬಟ್ಟೆ. ನಾನು ಹೇಳಿದೆ, ಚಿಕ್ಕಪ್ಪ, ಇದು ಯಾರೋ ಡಬ್ಬ ಇಟ್ಟ ಹಾಗಿದೆ. ಯಾವುದೋ ಮಕ್ಕಳ ಆಟ ಎಂದು ಅವರು ಇಳಿದು ಗಳವನ್ನು ಕಿತ್ತು ಪಕ್ಕಕ್ಕೆ ಎಸೆದು, ಅದೇ ಜಾಗದಲ್ಲಿ ಕಾರು ನಿಲ್ಲಿಸಿದರು. ಡಬ್ಬವನ್ನು ಒಂದು ಗೇಣು ಸರಿಸಿದ್ದಕ್ಕೆ ಮಾತುಬಿಟ್ಟ ಮನುಷ್ಯ ಇವರೇ.

ಚಿಕ್ಕಮ್ಮ ಚಪ್ಪಲಿ ಬಿಟ್ಟು ನೀರಿನ ಕಡೆ ನಡೆದರು. ಎರಡು ಅಲೆ ಪಾದಕ್ಕೆ ಬಡಿದಿರಬೇಕು, ಅಷ್ಟರಲ್ಲಿ ಗಲಾಟೆ ಕೇಳಿತು. ದಡದ ಆಚೆ ತುದಿಯಿಂದ ಒಂದು ಗುಂಪು, ಈಚೆ ತುದಿಯಿಂದ ಇನ್ನೊಂದು ಗುಂಪು, ಗಂಡಸರು ಹೆಂಗಸರು ಸೇರಿ ತಲಾ ಒಂದು ಉದ್ದನೆಯ ಹಗ್ಗ ಹಿಡಿದು ಹಿಂದಕ್ಕೆ ನಡೆಯುತ್ತಾ ಎಳೆಯುತ್ತಿದ್ದರು. ಎರಡೂ ಹಗ್ಗ ಸಮುದ್ರದೊಳಗೆ ಹೋಗಿದ್ದವು. ದೋಣಿಯಲ್ಲಿ ಹೋಗಿ ದೊಡ್ಡ ಬಲೆಯನ್ನು ನೀರಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಅದರ ಎರಡು ತುದಿಗಳನ್ನು ದಡದಿಂದ ಎಳೆಯುವುದು ಅಲ್ಲಿನ ಪದ್ಧತಿ. ಕೈರಂಪಣಿ ಎನ್ನುತ್ತಾರೆ. ಎಳೆಯುತ್ತಾ ಎಳೆಯುತ್ತಾ ಎರಡು ಗುಂಪುಗಳೂ ಹತ್ತಿರವಾಗಿ, ಕೊನೆಗೆ ಬಲೆ ಒಂದು ಕಡೆ ಮೇಲೆ ಬರುತ್ತದೆ. ಅದು ಎಲ್ಲಿ ಬರಬೇಕು ಎಂದು ಮೊದಲೇ ಗುರುತು ಇಟ್ಟಿರುತ್ತಾರೆ.

ಗುರುತು ಯಾವುದು ಎಂದು ಮತ್ತೆ ಹೇಳಬೇಕಿಲ್ಲ.

ಬಲೆಯ ಯಜಮಾನರು ಹಗ್ಗ ಬಿಟ್ಟು ನಮ್ಮ ಕಡೆ ಬಂದರು. ಎಲ್ಲರೂ ಅವರನ್ನು ತಾಂಡೇಲರು ಎನ್ನುತ್ತಿದ್ದರು. ಒಣಕಲು ಮೈ, ತಲೆಗೊಂದು ಟವೆಲು, ಬೆಳಗಿನಿಂದ ಕೂಗಿ ಕೂಗಿ ಒಡೆದ ಗಂಟಲು. ಕಾರನ್ನು ಸುತ್ತ ಒಂದು ಸಲ ನೋಡಿದರು.

‘ಇಲ್ಲೊಂದು ಗಳ ಇತ್ತಲ್ಲ, ಎಲ್ಲಿ?’

ಚಿಕ್ಕಪ್ಪ ಆಕಾಶ ನೋಡಿದರು. ನಾನು ಗಳ ನೋಡಿದೆ. ತಾಂಡೇಲರು ನನ್ನನ್ನು ನೋಡಿ, ಆಮೇಲೆ ಗಳವನ್ನು ನೋಡಿದರು.

‘ಇದು ನಮ್ಮ ಬಲೆ ಬರುವ ಜಾಗ ಮಾರಾಯ್ರೆ.’

‘ಬೋರ್ಡ್ ಎಲ್ಲಿದೆ? ಇದು ಪಬ್ಲಿಕ್ ಜಾಗ ಸಾರ್’ ಎಂದರು ಚಿಕ್ಕಪ್ಪ. ಇದೇ ಮಾತನ್ನು ರಂಗಸ್ವಾಮಿ ಅಂಕಲ್ ಚಿಕ್ಕಪ್ಪನಿಗೆ ಹೇಳಿದ್ದನ್ನು ನಾನು ನನ್ನ ಕಿವಿಯಾರೆ ಕೇಳಿದ್ದೇನೆ.

‘ಹೌದಾ? ಹಾಗಾದ್ರೆ ಅವನಿಗೂ ಅದನ್ನೇ ಹೇಳಿ’ ಎಂದು ತಾಂಡೇಲರು ಸಮುದ್ರದ ಕಡೆ ಗದ್ದ ತೋರಿಸಿದರು.

ತಿರುಗಿ ನೋಡಿದರೆ ನೀರು ನಾವು ಬಂದಾಗ ಇದ್ದ ಜಾಗದಲ್ಲಿ ಇರಲಿಲ್ಲ. ಚಿಕ್ಕಮ್ಮ ಬಿಟ್ಟ ಚಪ್ಪಲಿಗಳಲ್ಲಿ ಒಂದು ಆಗಲೇ ತೇಲುತ್ತಿತ್ತು. ಚಿಕ್ಕಪ್ಪ ಓಡಿ ಹೋಗಿ ಕಾರು ಸ್ಟಾರ್ಟ್ ಮಾಡಿ, ರಿವರ್ಸ್ ಹಾಕಿ, ಜೋರಾಗಿ ಒತ್ತಿದರು. ನಾನು ಅಭ್ಯಾಸಬಲದಿಂದ ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎಂದೆ. ಕಾರು ಬರಲಿಲ್ಲ, ಮರಳು ಬಂತು, ನನ್ನ ಬಾಯಿಗೆ. ಇನ್ನೊಂದು ಸಲ ಒತ್ತಿದಾಗ ಮುಂದಿನ ಚಕ್ರಗಳು ಅರ್ಧ ಮರಳಿನೊಳಗೆ ಕೂತವು. ಸೀಟಿನ ಪ್ಲಾಸ್ಟಿಕ್ ಕವರು ಕೂಡ ಇನ್ನೂ ತೆಗೆಯದ ಕಾರು ಅದು.

ಚಿಕ್ಕಪ್ಪ ಇಳಿದು ಬಂದರು. ಎಲ್ಲರೂ ಬಂದು ತಳ್ಳಿ, ಎಷ್ಟಾದರೂ ಕೊಡುತ್ತೇನೆ ಎಂದರು. ತಾಂಡೇಲರು ತಲೆಯಾಡಿಸಿದರು. ಬಲೆ ನೀರಿನಲ್ಲಿದೆ, ಈಗ ಹಗ್ಗ ಬಿಟ್ಟರೆ ಅದು ಆಚೆಯ ಬಂಡೆಗೆ ಹೋಗಿ ಸಿಕ್ಕಿ ಹರಿಯುತ್ತದೆ, ಇಷ್ಟು ಮನೆಗಳ ಬಲೆ ಅದು ಎಂದರು. ಬಲೆಯನ್ನು ಗಾಡಿಯ ಪಕ್ಕಕ್ಕೆ ಸರಿಸಿ ಎಳೆದುಕೊಳ್ಳುತ್ತೇವೆ, ಬಲೆ ಬಂದ ಮೇಲೆ ಗಾಡಿಯ ವಿಷಯ ಎಂದರು. ಅಷ್ಟರಲ್ಲಿ ಕಾರು ಮುಳುಗುತ್ತದಲ್ಲ ಎಂದು ಚಿಕ್ಕಪ್ಪ ಕೇಳಿದ್ದಕ್ಕೆ, ಕೈ ಜಾಸ್ತಿಯಾದರೆ ಬಲೆ ಬೇಗ ಬರುತ್ತದೆ, ಇಲ್ಲಿ ಮೂವರು ಸುಮ್ಮನೆ ನಿಂತಿದ್ದೀರಲ್ಲ ಎಂದು ಹೇಳಿ ಹೋಗಿಬಿಟ್ಟರು. ಅಂಥ ಹೊತ್ತಿನಲ್ಲೂ ನಡುವೆ ನಿಂತು ಯಾರದೋ ಕೈಯಿಂದ ಎಲೆ ಅಡಿಕೆ ಇಸಿದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಚಿಕ್ಕಪ್ಪನಿಗೆ ಸರಿಜೋಡಿ ಯಾರೂ ಇಲ್ಲ ಎಂದುಕೊಂಡಿದ್ದೆ, ಇಲ್ಲಿ ಸಮುದ್ರದ ದಡದಲ್ಲಿ ಒಬ್ಬರಿದ್ದರು.

ಚಿಕ್ಕಪ್ಪ ಮಾತ್ರ ಕದಲಲಿಲ್ಲ. ನೂರಕ್ಕೆ ಫೋನ್ ಮಾಡುತ್ತೇನೆ, ಕ್ರೇನ್ ತರಿಸುತ್ತೇನೆ ಎಂದು ಫೋನನ್ನು ಆಕಾಶಕ್ಕೆ ಎತ್ತಿ ನೆಟ್‌ವರ್ಕ್ ಹುಡುಕುತ್ತಿದ್ದರು. ಅಲೆಯೊಂದು ಬಂದು ಮುಂದಿನ ಚಕ್ರಕ್ಕೆ ಮುಟ್ಟಿ ಹೋಯಿತು. ಅವರು ಒಂದು ಕೈಯಲ್ಲಿ ಫೋನ್ ಹಿಡಿದೇ ಬಗ್ಗಿ ಕರ್ಚೀಫಿನಿಂದ ಚಕ್ರ ಒರೆಸಿದರು. ಅಲ್ಲಿಯವರೆಗೆ ಅವರ ದನಿಯಲ್ಲಿ ಏನಾದರೊಂದು ಹೇಳಬೇಕು ಎಂದುಕೊಂಡಿದ್ದ ನಾನು ಹೋಗಿ ತೇಲುತ್ತಿದ್ದ ಚಪ್ಪಲಿ ಹಿಡಿದು ತಂದೆ.

ಚಿಕ್ಕಮ್ಮ ದುಪ್ಪಟ್ಟಾ ಸೊಂಟಕ್ಕೆ ಬಿಗಿದರು. ‘ರೀ, ನಿಮ್ಮ ಡಬ್ಬ ಯಾರಾದ್ರೂ ಕಿತ್ತು ಎಸೆದು, ಆಮೇಲೆ ಬಂದು ನನ್ ಕಾರ್ ತಳ್ಳಿ ಅಂದಿದ್ರೆ ತಳ್ತಿದ್ರಾ? ಫೋನ್ ಒಳಗಿಟ್ಟು ಬಂದು ಹಗ್ಗ ಹಿಡೀರಿ.’

ಹಿಡಿದೆವು. ಈ ಕೆಲಸದ ಬಗ್ಗೆ ಹೇಳಬೇಕೆಂದರೆ, ಅದು ಜಿಮ್ಮಿಗೆ ಹೋಗುವವರಿಗೆ ಬರುವಂಥದ್ದಲ್ಲ, ಹೋಗದವರಿಗಂತೂ ಅಲ್ಲವೇ ಅಲ್ಲ. ಸಮುದ್ರಕ್ಕೆ ಮುಖಮಾಡಿ, ಹಗ್ಗವನ್ನು ಸೊಂಟದ ಪಕ್ಕ ಹಿಡಿದು, ಒಬ್ಬರು ಕೂಗಿದಾಗ ಎಲ್ಲರೂ ‘ಐಸಾ’ ಎಂದು ಒಂದೇ ಸಲ ಹಿಂದಕ್ಕೆ ಹೆಜ್ಜೆ ಇಡಬೇಕು. ಹಿಂದೆ ಹಿಂದೆ ಹೋಗಿ ಮರಳಿನ ದಿಬ್ಬ ಮುಟ್ಟಿದವರು ಹಗ್ಗ ಬಿಟ್ಟು ಮುಂದೆ ಓಡಿಬಂದು ನೀರಿನ ಹತ್ತಿರ ಮತ್ತೆ ಹಿಡಿಯಬೇಕು. ನನ್ನ ಅಂಗೈ ಸುಲಿಯಿತು. ಚಿಕ್ಕಪ್ಪ ಕುತ್ತಿಗೆ ಹೊರಳಿಸಿ ಕಾರನ್ನೇ ನೋಡುತ್ತಾ ಎಲ್ಲರೂ ಹೆಜ್ಜೆ ಇಟ್ಟ ಮೇಲೆ ಹೆಜ್ಜೆ ಇಡುತ್ತಿದ್ದರಿಂದ ಮುಂದಿದ್ದವರಿಂದ ಕಾಲು ತುಳಿಸಿಕೊಳ್ಳುತ್ತಿದ್ದರು. ಗಾಡಿ ನೋಡಬೇಡಿ, ನೀರು ನೋಡಿ ಎಂದು ತಾಂಡೇಲರು ಗದರಿದರು. ಚಿಕ್ಕಮ್ಮನ ಪಕ್ಕದಲ್ಲಿದ್ದ ಹೆಂಗಸು, ನಿಮ್ಮವರು ಮನೆಯಲ್ಲೂ ಹೀಗೆಯಾ ಎಂದು ಕೇಳಿದಳು. ಚಿಕ್ಕಮ್ಮ ‘ಐಸಾ’ ಎಂದರು.

ಕೈ ಕೆಲಸದಲ್ಲಿದ್ದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ತಾಂಡೇಲರ ಒಡೆದ ಗಂಟಲಿನಲ್ಲೇ, ಅವರು ಎಳೆದ ಹಾಗೇ ಎಳೆದು, ಅವರು ಕೆಮ್ಮಿದಲ್ಲೇ ಕೆಮ್ಮಿ ಕೂಗತೊಡಗಿದೆ. ಮುಂದಿದ್ದ ಹೆಂಗಸರು ನಗಲು ಶುರುಮಾಡಿದರು. ತಾಂಡೇಲರು ಒಂದು ಸಲ ಹಿಂದೆ ತಿರುಗಿ ನೋಡಿದರು.

ಬಲೆ ಬಂತು. ಅದು ಬರುವಾಗ ದಡವೆಲ್ಲ ಬೆಳ್ಳಗೆ ಕುದಿಯಿತು. ನೋಡುತ್ತಾ ನಿಲ್ಲಲು ಯಾರು ಬಿಡುತ್ತಾರೆ. ಆ ಹೊತ್ತಿಗೆ ಅಲೆಗಳು ಕಾರಿನ ನಂಬರ್ ಪ್ಲೇಟ್ ಓದುತ್ತಿದ್ದವು. ಕೆಲವರು ಮೀನಿನ ಕಡೆ ನಿಂತರು, ಉಳಿದವರೆಲ್ಲ ಯಾರೂ ಕರೆಯದೆ ಕಾರಿನ ಕಡೆ ಓಡಿದರು. ಚಕ್ರದ ಸುತ್ತ ಕೈಯಲ್ಲೇ ಮರಳು ತೋಡಿ, ಕೆಳಗೆ ತೆಂಗಿನ ಗರಿ ತುರುಕಿ, ಹಿಂದಿನ ಕೊಕ್ಕೆಗೆ ಅದೇ ಹಗ್ಗ ಕಟ್ಟಿದರು. ಚಿಕ್ಕಪ್ಪನನ್ನು ಸ್ಟೀರಿಂಗಿಗೆ ಕೂರಿಸಿ, ಒತ್ತಬೇಡಿ, ಸುಮ್ಮನೆ ನೇರ ಹಿಡಿಯಿರಿ ಎಂದು ಗೊಗ್ಗರು ದನಿಯಲ್ಲಿ ಹೇಳುವಷ್ಟರಲ್ಲಿ ತಾಂಡೇಲರ ಗಂಟಲು ಪೂರ್ತಿ ನಿಂತೇಹೋಯಿತು. ಅವರು ಕೂಗಲು ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಎಲ್ಲರೂ ಹಗ್ಗ ಹಿಡಿದು ಕಾಯುತ್ತಿದ್ದರು. ಅವರು ನನ್ನ ಕಡೆ ಬೆರಳು ಮಾಡಿ ಪಿಸುಗುಟ್ಟಿದರು.

‘ಏ ಬೆಂಗಳೂರು, ಇಷ್ಟೊತ್ತು ನನ್ನ ಹಾಗೆ ಕೂಗಿದೆಯಲ್ಲ. ಈಗ ಕೂಗು ನೋಡುವ.’

ನಾನು ಬಾಯಿ ತೆರೆದೆ. ತಾಂಡೇಲರ ದನಿ ಬರಲಿಲ್ಲ, ಅವರು ಎದುರಿಗೇ ನಿಂತಿದ್ದರು. ನನ್ನ ದನಿ ಎಂಬುದು ಒಂದಿದ್ದರೆ ಅದೂ ಬರಲಿಲ್ಲ. ಒಂದು ದೊಡ್ಡ ಅಲೆ ಬಾನೆಟ್ ಹತ್ತಿ ಒಡೆಯಿತು. ಆಗ ಹೊಟ್ಟೆಯಿಂದ ತಾನಾಗಿ ಬಂದದ್ದು ಮಾಗಡಿ ರಸ್ತೆಯ ಕಂಡಕ್ಟರ್.

‘ಟೋಲ್‌ಗೇಟ್ ಟೋಲ್‌ಗೇಟ್ ಟೋಲ್‌ಗೇಟ್, ಹಿಂದಕ್ ಹೋಗ್ರೀ.’

ಎಲ್ಲರೂ ನನ್ನ ಕಡೆ ತಿರುಗಿದರು. ಆಮೇಲೆ ಚಿಕ್ಕಮ್ಮನ ಪಕ್ಕದ ಆ ಹೆಂಗಸು ‘ಐಸಾ’ ಎಂದಳು, ಹಗ್ಗ ಬಿಗಿಯಾಯಿತು.

‘ಹೌಸಿಂಗ್ ಬೋರ್ಡ್, ಯಾರ್ರೀ ಹೌಸಿಂಗ್ ಬೋರ್ಡ್?’ ಐಸಾ. ಕಾರು ಅಲುಗಿತು. ‘ಕಾಮಾಕ್ಷಿಪಾಳ್ಯ, ಬಾಗಿಲಲ್ ನಿಲ್ಬೇಡಿ.’ ಐಸಾ. ‘ಕೊಟ್ಟಿಗೆಪಾಳ್ಯ, ಚಿಲ್ಲರೆ ಕೊಡಿ ಚಿಲ್ಲರೆ.’ ಐಸಾ. ಮರಳು ಚಕ್ರವನ್ನು ಬಿಡುವಾಗ ಗುಟುಕರಿಸಿದ ಹಾಗೊಂದು ಸದ್ದಾಯಿತು. ಆ ಕರಾವಳಿಯ ಹಳ್ಳಿಯ ಜನ ಎಂದೂ ನೋಡಿರದ ನಮ್ಮ ಬಸ್‌ಸ್ಟಾಪುಗಳಿಗೆಲ್ಲ ಐಸಾ ಎನ್ನುತ್ತಾ ಕಾರನ್ನು ಮೇಲಕ್ಕೆ ತಂದರು. ಸುಂಕದಕಟ್ಟೆಯಲ್ಲಿ ಅದು ಒಣ ಮರಳು ಹತ್ತಿ ಗಾಳಿಮರದ ಬುಡಕ್ಕೆ ಬಂದು ನಿಂತಿತು. ಚಿಕ್ಕಪ್ಪ ಸ್ಟೀರಿಂಗ್ ಬಿಡದೆ ಹಾಗೇ ಕೂತಿದ್ದರು. ಕಾಲಿನ ಕೆಳಗಿನಿಂದ ನೀರು ಇಳಿಯುತ್ತಿತ್ತು.

ಮುಗಿಯಿತು ಎಂದುಕೊಂಡರೆ ಇಲ್ಲ. ಹಗ್ಗ ಮುಟ್ಟಿದವರಿಗೆಲ್ಲ ಬಲೆಯಲ್ಲಿ ಪಾಲು ಉಂಟು ಎಂದು ಪಿಸುಗುಡುತ್ತಾ ತಾಂಡೇಲರು ಮೂರು ಪಾಲು ಮೀನು ಬುಟ್ಟಿಯಲ್ಲಿ ತಂದು ಮುಂದಿಟ್ಟರು. ಚಿಕ್ಕಪ್ಪ ಕೈಮುಗಿದು, ಇವತ್ತು ಶನಿವಾರ, ನಮ್ಮ ಮನೆಯಲ್ಲಿ ಮುಟ್ಟುವುದಿಲ್ಲ, ಬೇಡ ಎಂದರು. ತಾಂಡೇಲರ ಮುಖ ಗಂಟಿಕ್ಕಿತು. ಆಗ ಶನಿವಾರ ಮೊಟ್ಟೆ ಇರುವ ಬೇಕರಿಯ ಮುಂದೆಯೂ ನಿಲ್ಲದ ನಮ್ಮ ಚಿಕ್ಕಮ್ಮ ಎರಡೂ ಕೈ ಚಾಚಿ ಬುಟ್ಟಿ ತೆಗೆದುಕೊಂಡರು. ‘ನಾನ್ ಎಳೆದಿದ್ದು, ನನ್ ಪಾಲು. ನಾಳೆ ಭಾನುವಾರ ಬರಲ್ವಾ?’ ಎಂದರು. ಗಳವನ್ನು ಹುಡುಕಿ ತಂದು, ಮೊಣಕಾಲುದ್ದ ನೀರಿಗಿಳಿದು ಹಿಂದಿನ ಜಾಗದಲ್ಲೇ ನೆಟ್ಟವರೂ ಅವರೇ.

ಊರಿನ ಮೆಕ್ಯಾನಿಕ್ ಒಣಗಿಸಿಕೊಟ್ಟ ಕಾರಿನಲ್ಲಿ, ಐಸ್ ಹಾಕಿಸಿದ ಮೀನಿನ ಡಬ್ಬಿಯೊಂದಿಗೆ ಭಾನುವಾರ ಮಧ್ಯಾಹ್ನಕ್ಕೆ ವಿಜಯನಗರ ತಲುಪಿದೆವು. ದಾರಿಯುದ್ದಕ್ಕೂ ಚಿಕ್ಕಪ್ಪ ಕಿಟಕಿ ತೆರೆದುಕೊಂಡೇ ಬಂದರು. ಚಿಕ್ಕಮ್ಮ ಮೀನು ಹುರಿದು ಒಂದು ತಟ್ಟೆ ನಮಗಿಟ್ಟು, ಇನ್ನೊಂದನ್ನು ಮುಚ್ಚಿ, ಯಾರನ್ನೂ ಕೇಳದೆ ಎದುರುಮನೆಗೆ ಕೊಟ್ಟು ಬಂದರು. ಅವರೇನು ಹಗ್ಗ ಎಳೆದರಾ ಎಂದು ಚಿಕ್ಕಪ್ಪ ಗೊಣಗಿದರು.

ಸೋಮವಾರ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಚಿಕ್ಕಪ್ಪ ಕೆಳಗಿನಿಂದ ನನ್ನನ್ನು ಕರೆದರು. ನಾನೊಬ್ಬನೇ ತಳ್ಳಿದರೆ ಅದು ಸಮುದ್ರದಲ್ಲಿ ಕಲಿತ ಹಟವನ್ನೇ ತೋರಿಸಿತು. ಎದುರುಮನೆಯ ಗೇಟು ಕಿರುಗುಟ್ಟಿತು. ರಂಗಸ್ವಾಮಿ ಅಂಕಲ್ ಪಂಚೆ ಎತ್ತಿಕಟ್ಟಿ ಬಂದು, ಚಿಕ್ಕಪ್ಪನ ಕಡೆ ನೋಡದೆ, ಡಿಕ್ಕಿಗೆ ಕೈ ಆನಿಸಿದರು. ನಾನು ಟೋಲ್‌ಗೇಟ್ ಎಂದೆ. ಅವರು ಐಸಾ ಅನ್ನಲಿಲ್ಲ, ‘ಹ್ಞೂಂ’ ಎಂದರು, ಅಷ್ಟೇ ಸಾಕಾಯಿತು. ಎಂಜಿನ್ ಹಿಡಿಯಿತು. ಚಿಕ್ಕಪ್ಪ ಬ್ಯಾಟರಿ ಅಂಗಡಿಗೆ ಹೋದರು.

ಅವರು ವಾಪಸ್ಸು ಬರುವಷ್ಟರಲ್ಲಿ ಯಾವನೋ ಪಾರ್ಸಲ್ ವ್ಯಾನಿನವನು ನಮ್ಮ ಗೇಟಿನ ಮುಂದೆ ಮೂತಿ ತೂರಿಸಲು ನೋಡಿದ. ರಂಗಸ್ವಾಮಿ ಅಂಕಲ್ ನಮ್ಮ ಡಬ್ಬವನ್ನು ಎಳೆದು ನಡುವೆ ಇಟ್ಟು, ಅದರ ಪಕ್ಕ ತಾವೂ ಕೈಕಟ್ಟಿ ನಿಂತರು. ಚಿಕ್ಕಪ್ಪ ಬಂದಾಗ ಅದನ್ನು ಸರಿಸಿ ದಾರಿ ಮಾಡಿಕೊಟ್ಟು, ತಮ್ಮ ಗೇಟು ಹಾಕಿಕೊಂಡು ಒಳಗೆ ಹೋದರು.

ಆ ಪ್ರವಾಸದಲ್ಲಿ ಕವರ್ ಆದ ಪಾಯಿಂಟುಗಳಲ್ಲಿ ಪಾರ್ಕಿಂಗ್ ಗಲಾಟೆ ಬಿಟ್ಟು ಬೇರೇನೂ ನನಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಹಗ್ಗ ಹಿಡಿದು ಹಿಂದಕ್ಕೆ ನಡೆಯುವಾಗ ಎದುರಿಗಿದ್ದ ಆ ನೀರು, ದೂರದಲ್ಲಿ ಕಾಯುತ್ತಿದ್ದ ದೋಣಿ, ಬಲೆಯ ಮೇಲೆ ಸುತ್ತುತ್ತಿದ್ದ ಹಕ್ಕಿಗಳು. ಬೇರೆ ಕಡೆ ತಿರುಗಲು ಅವಕಾಶವೇ ಇಲ್ಲದ್ದರಿಂದ ನಾವು ಮೂವರೂ ಒಟ್ಟಿಗೆ ಸಮುದ್ರ ನೋಡಿದ್ದು ಅಲ್ಲೊಂದೇ ಕಡೆ. ಈಗಲೂ ಯಾರಾದರೂ ಕರಾವಳಿಯ ಮಾತೆತ್ತಿದರೆ ನನ್ನ ಅಂಗೈ ಉರಿಯುತ್ತದೆ. ಜೊತೆಗೆ ಯಾಕೋ ಸಂತೋಷವೂ ಆಗುತ್ತದೆ.

ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳೋಣ ಎಂದು ಆ ಸೋಮವಾರ ಸಂಜೆಯೇ ಕೆಳಗೆ ಹೋದೆ. ಅವರು ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತು, ರಂಗಸ್ವಾಮಿ ಅಂಕಲ್ ಇಟ್ಟುಹೋದ ಡಬ್ಬದ ಪಕ್ಕ ನೆಲಕ್ಕೆ ಕೈಯಿಟ್ಟು ಅಳೆಯುತ್ತಿದ್ದರು.

‘ನೋಡೋ ಚೇತು,’ ಎಂದರು, ‘ಒಂದು ಗೇಣು ಈಚೆಗೆ ಇಟ್ಟಿದ್ದಾನೆ.’